ಆರೋಗ್ಯವಂತ ಕಾಲು ಬೇಡವೆನ್ನುವ ಯಾತನೆ

ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರಿಗೆ ಕೈಕಾಲೇ ಆಸ್ತಿ. ಯಂತ್ರಕ್ಕೆ ಒಂದು ಬೆರಳು ಸಿಕ್ಕಿದರೂ ಮನೆಯ ಲೆಕ್ಕಾಚಾರವೆಲ್ಲ ಏರುಪೇರಾಗುತ್ತದೆ. ಅಂಥ ಊರಿನಲ್ಲಿ, ಗಟ್ಟಿಮುಟ್ಟಾದ ತನ್ನ ಕಾಲನ್ನೇ ತೆಗೆದುಹಾಕಿ ಎಂದು ವೈದ್ಯರ ಮುಂದೆ ಅಂಗಲಾಚುವವರೂ ಜಗತ್ತಿನಲ್ಲಿದ್ದಾರೆ ಎಂದರೆ ಕೇಳಿದವರು ನಂಬಲಿಕ್ಕಿಲ್ಲ. ನಂಬಿದರೂ ಹುಚ್ಚು ಎಂದೋ ಸೊಕ್ಕು ಎಂದೋ ತಳ್ಳಿಹಾಕುತ್ತಾರೆ. ಆದರೆ ಈ ಯಾತನೆ ನಿಜ. ‘ಬಾಡಿ ಇಂಟೆಗ್ರಿಟಿ ಐಡೆಂಟಿಟಿ ಡಿಸಾರ್ಡರ್’ ಎಂದು ಕರೆಯಲಾಗುತ್ತಿದ್ದ ಈ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ, 2022ರ ಜನವರಿಯಲ್ಲಿ ಜಾರಿಗೆ ಬಂದ ತನ್ನ 11ನೇ ರೋಗ ವರ್ಗೀಕರಣದಲ್ಲಿ ‘ಬಾಡಿ ಇಂಟೆಗ್ರಿಟಿ ಡಿಸ್ಫೋರಿಯಾ’ ಎಂದು ಸೇರಿಸಿಕೊಂಡಿದೆ. ಇದನ್ನು ಅರ್ಥ ಮಾಡಿಕೊಳ್ಳುವುದು ಬೇರೆ, ಅಂಗ ಕತ್ತರಿಸಲು ಒಪ್ಪುವುದು ಬೇರೆ. ಮೊದಲನೆಯದಕ್ಕೇ ನಾವು ಹಿಂಜರಿದರೆ, ಎರಡನೆಯದನ್ನು ಅವರು ತಮ್ಮ ಕೈಯಾರೆ ಮಾಡಿಕೊಳ್ಳುವ ಅಪಾಯ ಹೆಚ್ಚುತ್ತದೆ.

ಮೊದಲ ತಪ್ಪುಕಲ್ಪನೆ, ಇದು ಬುದ್ಧಿಭ್ರಮಣೆ ಎಂಬುದು. ಅಮೆರಿಕದ ಮನೋವೈದ್ಯ ಮೈಕೆಲ್ ಫಸ್ಟ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 52 ಜನರನ್ನು ವಿವರವಾಗಿ ಮಾತನಾಡಿಸಿದರು. ಅವರಲ್ಲಿ ಯಾರಲ್ಲೂ ಭ್ರಮೆಯ ಲಕ್ಷಣ ಕಾಣಲಿಲ್ಲ. ಕಾಲು ತಮ್ಮದೇ, ಅದಕ್ಕೇನೂ ಆಗಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅಂಗ ಕುರೂಪವಾಗಿದೆ ಎಂಬ ಕೊರಗೂ ಇದಲ್ಲ. ಆ ಅಂಗವಿರುವಷ್ಟು ಹೊತ್ತು ತಾನು ಪೂರ್ಣನಲ್ಲ ಎಂಬ, ಸಾಮಾನ್ಯವಾಗಿ ಬಾಲ್ಯದಲ್ಲೋ ಹದಿಹರೆಯದ ಆರಂಭದಲ್ಲೋ ಮೊಳೆತು ಬಿಡದೆ ಕಾಡುವ ಅನುಭವ ಇದು. ಹಲವರು ಯಾರೂ ಇಲ್ಲದಾಗ ಕಾಲನ್ನು ಮಡಚಿ ಕಟ್ಟಿಕೊಂಡು, ಊರುಗೋಲು ಹಿಡಿದು ನಡೆದು ಒಂದಿಷ್ಟು ನೆಮ್ಮದಿ ಪಡೆಯುತ್ತಾರೆ.

ಎರಡನೆಯದು, ಇದು ಬರೀ ಗೀಳು, ಮನಸ್ಸು ಗಟ್ಟಿ ಮಾಡಿಕೊಂಡರೆ ಹೋಗುತ್ತದೆ ಎಂಬ ಉಪದೇಶ. ನರವಿಜ್ಞಾನಿಗಳು ಕಂಡದ್ದು ಬೇರೆಯೇ. ಎಲ್ಲಿಯವರೆಗೆ ಕಾಲು ತನ್ನದು, ಎಲ್ಲಿಂದ ಮುಂದೆ ಅಲ್ಲ ಎಂಬ ಗೆರೆಯನ್ನು ಇವರಲ್ಲಿ ಹಲವರು ನಿಖರವಾಗಿ ತೋರಿಸುತ್ತಾರೆ. ತಮಿಳುನಾಡು ಮೂಲದ ವಿ.ಎಸ್. ರಾಮಚಂದ್ರನ್ ಇದ್ದ ತಂಡ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಗೆರೆಯ ಕೆಳಗೆ ಮುಟ್ಟಿದಾಗ ಮಿದುಳಿನ ಬಲಭಾಗದ ಮೇಲಿನ ಪೆರೈಟಲ್ ಪ್ರದೇಶ ಸಹಜವಾಗಿ ಸ್ಪಂದಿಸಲಿಲ್ಲ. ದೇಹದ ನಕ್ಷೆಯನ್ನು ಒಟ್ಟುಗೂಡಿಸುವುದು ಅದೇ ಪ್ರದೇಶ. ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೆ ಇಲ್ಲದ ಕಾಲು ನೋಯುವುದನ್ನು ವೈದ್ಯರು ಬಲ್ಲರು. ಅಲ್ಲಿ ಅಂಗ ಹೋದರೂ ನಕ್ಷೆ ಉಳಿಯುತ್ತದೆ. ಇಲ್ಲಿ ಅಂಗವಿದ್ದರೂ ನಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲದಂತಿದೆ. ಆ ಪರೀಕ್ಷೆಗೆ ಒಳಗಾದವರು ನಾಲ್ವರು ಮಾತ್ರ; ಮಿದುಳಿನ ವ್ಯತ್ಯಾಸವೇ ಕಾರಣವೋ, ವರ್ಷಗಟ್ಟಲೆಯ ತೊಳಲಾಟದ ಫಲವೋ ಎಂಬುದು ಇತ್ಯರ್ಥವಾಗಿಲ್ಲ. ಆದರೂ ಇದು ಬೇಕೆಂದೇ ಮಾಡುವ ಹಟವಲ್ಲ ಎನ್ನಲು ಇಷ್ಟು ಸಾಕು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಅಂಗವೈಕಲ್ಯದ ಕಷ್ಟ ಉಂಡವರಿಗೆ ಇದು ಅವಮಾನವಲ್ಲವೇ ಎಂದು ಕೇಳುವವರಿದ್ದಾರೆ. ಆ ನೋವು ಸಹಜ. ಆದರೆ ಇವರು ಅನುಕಂಪಕ್ಕಾಗಲಿ ಪಿಂಚಣಿಗಾಗಲಿ ಆಸೆಪಟ್ಟವರಲ್ಲ. ಬಹುತೇಕರು ಹೆಂಡತಿ ಮಕ್ಕಳಿಗೂ ಹೇಳದೆ ದಶಕಗಳ ಕಾಲ ನುಂಗಿಕೊಂಡವರು. ಒಬ್ಬರ ಸಂಕಟವನ್ನು ಒಪ್ಪಿಕೊಂಡರೆ ಇನ್ನೊಬ್ಬರದು ಸಣ್ಣದಾಗುವುದಿಲ್ಲ. ಇದು ಪಶ್ಚಿಮದ, ಇಂಟರ್‌ನೆಟ್ ಕಾಲದ ರೋಗ ಎಂಬುದು ಇನ್ನೊಂದು ವಾದ. 18ನೇ ಶತಮಾನದಲ್ಲೇ ಫ್ರಾನ್ಸಿನ ಶಸ್ತ್ರವೈದ್ಯರೊಬ್ಬರು ಇಂಥ ಪ್ರಸಂಗವನ್ನು ದಾಖಲಿಸಿದ್ದಾರೆ. ನಮ್ಮಲ್ಲಿ ಕೇಳಿಬರುತ್ತಿಲ್ಲ ಎಂದ ಮಾತ್ರಕ್ಕೆ ನಮ್ಮಲ್ಲಿ ಇಲ್ಲವೆಂದಲ್ಲ. ಹೇಳಿಕೊಳ್ಳಲು ಜಾಗವಿಲ್ಲದ ಕಡೆ ಯಾವ ರೋಗವೂ ಲೆಕ್ಕಕ್ಕೆ ಸಿಗದು.

ಒಪ್ಪಿಕೊಂಡರೆ ಕಾಲು ಕತ್ತರಿಸಲೂ ಒಪ್ಪಬೇಕಾಗುತ್ತದಲ್ಲ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಸ್ಕಾಟ್ಲೆಂಡಿನ ಫಾಲ್ಕರ್ಕ್ ಆಸ್ಪತ್ರೆಯಲ್ಲಿ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯ 1997 ಮತ್ತು 1999ರಲ್ಲಿ ಇಬ್ಬರ ಆರೋಗ್ಯವಂತ ಕಾಲುಗಳನ್ನು ತೆಗೆದರು. ವಿಷಯ ಬಯಲಾಗಿ ವಿವಾದವೆದ್ದ ಮೇಲೆ ಆಸ್ಪತ್ರೆ ಅಂಥ ಶಸ್ತ್ರಚಿಕಿತ್ಸೆಯನ್ನೇ ನಿಲ್ಲಿಸಿತು. ಅಂಗ ತೆಗೆಸಿಕೊಂಡ ಕೆಲವರು ತೃಪ್ತಿ ಹೇಳಿಕೊಂಡಿದ್ದಾರೆ ನಿಜ. ಆದರೆ ಬೆರಳೆಣಿಕೆಯ ಜನರ ಮಾತನ್ನು ನಂಬಿ, ಮರಳಿ ಜೋಡಿಸಲಾಗದ್ದನ್ನು ಕಡಿಯುವುದು ವೈದ್ಯಧರ್ಮಕ್ಕೆ ದೊಡ್ಡ ಪ್ರಶ್ನೆ. ಇಂದಿನ ಸಾಕ್ಷ್ಯದ ಮೇಲೆ ನಾನು ಅದನ್ನು ಬೆಂಬಲಿಸಲಾರೆ. ಆದರೆ ಬಾಗಿಲು ಮುಚ್ಚಿದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಫಸ್ಟ್ ಅವರ ಅಧ್ಯಯನದಲ್ಲಿ ಅಂಗ ಕಳೆದುಕೊಂಡಿದ್ದವರಲ್ಲಿ ಹೆಚ್ಚಿನವರು ಪ್ರಾಣಕ್ಕೇ ಎರವಾಗಬಹುದಾದ ದಾರಿ ಹಿಡಿದವರು. ಮೂಲ ಬಯಕೆಯನ್ನು ಅಳಿಸುವ ಖಚಿತ ಚಿಕಿತ್ಸೆ ಇನ್ನೂ ಇಲ್ಲವಾದರೂ ಜೊತೆಗೂಡುವ ಖಿನ್ನತೆಗೆ ಔಷಧವಿದೆ, ಆಪ್ತಸಮಾಲೋಚನೆಯಿದೆ.

ಇಂಥ ಚಿಕಿತ್ಸೆಗೆ ಕಾನೂನಿನ ಅಡ್ಡಿಯೂ ಇಲ್ಲ. ಮಾನಸಿಕ ಕಾಯಿಲೆಯನ್ನು ಗುರುತಿಸುವ ಮಾನದಂಡಗಳಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ವರ್ಗೀಕರಣವನ್ನೂ ಹೆಸರಿಸುತ್ತದೆ. ಚಿಕಿತ್ಸೆಯ ಹಕ್ಕನ್ನೂ ಗೋಪ್ಯತೆಯ ಹಕ್ಕನ್ನೂ ಕೊಡುತ್ತದೆ. ಶಿವಮೊಗ್ಗ ಜಿಲ್ಲೆಗೆ ಮಾನಸಿಕ ಆರೋಗ್ಯದ ಮಾತು ಹೊಸತೂ ಅಲ್ಲ. ಮನೋವೈದ್ಯ ಅಶೋಕ ಪೈ ಇಲ್ಲಿ ‘ಮಾನಸ’ ಆಸ್ಪತ್ರೆಯನ್ನು ಕಟ್ಟಿ, ‘ಕಾಡಿನ ಬೆಂಕಿ’ಯಂಥ ಸಿನಿಮಾದ ಮೂಲಕ ಮನಸ್ಸಿನ ಕಗ್ಗಂಟುಗಳನ್ನು ಜನರ ಮುಂದೆ ಬಿಚ್ಚಿಟ್ಟರು. ನಿಮ್ಹಾನ್ಸ್ ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ ವರ್ಷಗಟ್ಟಲೆ ಚಿಕಿತ್ಸೆ ನೀಡಿ ತೋರಿಸಿದೆ. ಈಗ ಬೇಕಿರುವುದು ಅದರ ಮುಂದುವರಿಕೆ: ಕಾಲು ತೆಗೆಯಿರಿ ಎಂದು ಬಂದವರನ್ನು ಮೂಳೆ ವೈದ್ಯರು ಗದರಿಸಿ ಅಟ್ಟದೆ ಮನೋವೈದ್ಯರ ಬಳಿ ಕಳುಹಿಸಬೇಕು, ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಬಂದರೆ ಅತ್ತ ಕಡೆಯವರಿಗೆ ಈ ಸ್ಥಿತಿಯ ಅರಿವಿರಬೇಕು, ವೈದ್ಯಕೀಯ ಪಾಠದಲ್ಲಿ ಇದಕ್ಕೊಂದು ತರಗತಿಯಾದರೂ ಸಿಗಬೇಕು. ಇವುಗಳಿಗೆ ದೊಡ್ಡ ಖರ್ಚಿಲ್ಲ. ಇಷ್ಟಾದರೆ ಒಬ್ಬರ ಕಾಲೂ ಉಳಿದೀತು, ಜೀವವೂ ಉಳಿದೀತು.