ಬಳ್ಳಿ ಬಿಡಿಸಿದ ಟ್ಯಾಂಕು

ಸಂಕ್ರಾಂತಿಯಂದು ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ರೈತನನ್ನು ‘ಇದರಿಂದ ಉಳುಮೆ ಹೆಚ್ಚುವುದೇ?’ ಎಂದು ಯಾರೂ ಕೇಳುವುದಿಲ್ಲ. ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಹೂಬಳ್ಳಿ ಬಿಡಿಸುವ ತರುಣನನ್ನು ಕಂಡರೆ ಮಾತ್ರ ನಮ್ಮಂಥ ಹಿರಿಯರಿಗೆ ಉಪದೇಶ ಉಕ್ಕಿ ಬರುತ್ತದೆ. ಹಾಗೆ ಉಪದೇಶಿಸಿದವರಲ್ಲಿ ನಾನೂ ಒಬ್ಬ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದಿವಂಗತ ತಂದೆಯ ಜಾವಾ ವಾಹನದ ಬಿಡಿಭಾಗಗಳನ್ನು ಹಿತ್ತಿಲಲ್ಲಿ ಹರಡಿಕೊಂಡು ಕುಳಿತಿದ್ದನು. 1961ರಲ್ಲಿ ಮೈಸೂರಿನಲ್ಲಿ ತಯಾರಾಗಲು ತೊಡಗಿದ ವಾಹನವದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. “ಹೊತ್ತನ್ನು ಹಾಳುಮಾಡುತ್ತಿರುವೆಯಲ್ಲಪ್ಪಾ!” ಎಂದೆ. “ಸ್ವಲ್ಪ ಕುಳಿತು ನೋಡಿ, ಮೇಷ್ಟ್ರೇ” ಎಂದನು.

ಕುಳಿತೆ, ಮರುದಿನವೂ ಹೋದೆ. ಟ್ಯಾಂಕಿನ ಪೆಟ್ರೋಲನ್ನೆಲ್ಲ ಬಸಿದು, ಒಳಗಿನ ಆವಿ ಹೋಗುವಂತೆ ಬಯಲಿನಲ್ಲಿಟ್ಟಿದ್ದನು. ಬರಿದಾದ ಟ್ಯಾಂಕಿನ ಆವಿಗೂ ಕಿಡಿ ತಗುಲಿದರೆ ಅನಾಹುತವಾದೀತು. ಬಳಿಕ ನೀರು ಹನಿಸುತ್ತ ಉಪ್ಪುಕಾಗದದಿಂದ ಉಜ್ಜುವುದು, ತಗ್ಗಿಗೆ ಪುಟ್ಟಿ ತುಂಬುವುದು, ಪ್ರೈಮರ್ ಬಳಿಯುವುದು, ಒಣಗಿದ ಮೇಲೆ ಮತ್ತೆ ಉಜ್ಜುವುದು! ಬೆರಳಿನ ಜಿಡ್ಡು ತಾಗಿದರೂ ಬಣ್ಣ ಹಿಡಿಯದಂತೆ. ದಿನಗಳು ಕಳೆದರೂ ಒಂದು ಹೂವೂ ಮೂಡಲಿಲ್ಲ. ಸಾರಿಸದ ಅಂಗಳದಲ್ಲಿ ರಂಗೋಲಿ ಇಡುವವರುಂಟೇ? ಕಡೆಗೊಂದು ಬೆಳಗ್ಗೆ ನೀಳಗೂದಲಿನ ಕುಂಚವನ್ನು ಹಿಡಿದು, ಉಸಿರು ಬಿಗಿಹಿಡಿದು, ಹೊಂಬಣ್ಣದ ಗೆರೆಯೊಂದನ್ನು ಎಳೆದನು. ಅದು ತುಸು ನಡುಗಿತು. ಒಣಗುವ ಮೊದಲೇ ಒರೆಸಿ ಮತ್ತೆ ಎಳೆದನು. ಶಾಲೆಯಲ್ಲಿ ಇದೇ ಕೈಯ ಬರವಣಿಗೆಯ ಮೇಲೆ ನಾನು ಕೆಂಪು ಗೆರೆಗಳನ್ನು ಎಳೆದದ್ದು ನೆನಪಾಗಿ ಮುಜುಗರವಾಯಿತು.

ಅಂಗಡಿಯಲ್ಲಿ ಕೊಂಡ ಅಂಟುಚಿತ್ರವನ್ನು ಐದು ನಿಮಿಷದಲ್ಲಿ ಹಚ್ಚಬಹುದು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಅದರಿಂದ ಕೈ ಏನನ್ನೂ ಕಲಿಯದು. ಕಾಗದದ ಮೇಲೆ ಬರೆದ ಚಿತ್ರಕ್ಕೆ ಬಹುಮಾನ ಕೊಡುವ ನಾವು, ಉಬ್ಬಿದ ತಗಡಿನ ಮೇಲೆ ಬಳ್ಳಿಯನ್ನು ಬಾಗಿಸುವ ಕೈಯನ್ನು ಪೋಲಿಯ ಕೈಯೆಂದು ಜರೆಯುವುದು ನ್ಯಾಯವಲ್ಲ. ಹಾಗೆಂದು ಮನಸ್ಸಿಗೆ ಬಂದಂತೆ ಬಳಿಯುವುದೂ ಸಲ್ಲದು. ನೋಂದಣಿ ಫಲಕದ ಮೇಲೆ ಚಿತ್ತಾರ ಕೂಡದು. ವಾಹನದ ಮೂಲ ಬಣ್ಣವನ್ನೇ ಬದಲಿಸುವುದಾದರೆ ಸಾರಿಗೆ ಕಚೇರಿಗೆ ತಿಳಿಸಿ ದಾಖಲೆಯನ್ನು ತಿದ್ದಿಸಬೇಕು. ಮುಚ್ಚಿದ ಕೋಣೆಯಲ್ಲಿ ಬಣ್ಣ ಸಿಂಪಡಿಸಿದರೆ ಥಿನ್ನರಿನ ಆವಿ ಶ್ವಾಸಕೋಶಕ್ಕೆ ಕೇಡು.

ಚೆಲ್ಲಿದ ಪೆಟ್ರೋಲಿನಿಂದ ಚಿತ್ತಾರ ಕೆಡದಂತೆ ಪಾರದರ್ಶಕ ಲೇಪವನ್ನು ಬಳಿಯುವ ಮುನ್ನ, ಬಳ್ಳಿಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ತಂದೆಯ ಹೆಸರನ್ನು ಬರೆದು ನನ್ನತ್ತ ತಿರುಗಿದನು. “ಒತ್ತಕ್ಷರ ಸರಿಯಾಗಿದೆಯೇ, ಮೇಷ್ಟ್ರೇ?”

ಕನ್ನಡಕ ಹಾಕಿಕೊಂಡು ನೋಡಿದೆ. ಸರಿಯಾಗಿತ್ತು.