ಹತ್ತು ಸಾವಿರ ವರ್ಷದ ಓಲೆ

ಮಕ್ಕಳಿಗೆ ಹೊಲ ಮನೆಗಳನ್ನು ಬಿಟ್ಟುಹೋಗುವವರುಂಟು; ಸಾಲವನ್ನು ಬಿಟ್ಟುಹೋಗುವವರೂ ಉಂಟು. ಆದರೆ ಮುನ್ನೂರು ತಲೆಮಾರುಗಳಾಚೆಯ ಜನರಿಗಾಗಿ ವಿಷದ ಗಂಟೊಂದನ್ನು ಹೂತಿಟ್ಟು, ‘ಇದನ್ನು ಬಿಚ್ಚಬೇಡಿ’ ಎಂದು ಓಲೆ ಬರೆದಿಡಬೇಕಾದ ಪ್ರಸಂಗ ಒದಗಿರುವುದು ಅಣುಯುಗದ ಮಾನವನಿಗೆ ಮಾತ್ರ.

ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದಲ್ಲಿ, ಕಾರ್ಲ್ಸ್‌ಬಾಡ್ ಪಟ್ಟಣದ ಬಳಿ, ಸುಮಾರು 655 ಮೀಟರ್ ಆಳದಲ್ಲಿ ಅಂತಹ ಉಗ್ರಾಣವೊಂದಿದೆ. ಅಣ್ವಸ್ತ್ರಗಳ ತಯಾರಿಕೆಯಲ್ಲಿ ಪ್ಲುಟೋನಿಯಂ ಸೋಂಕಿದ ಬಟ್ಟೆ, ಕೈಗವಸು, ಉಪಕರಣ ಮೊದಲಾದ ಕಸವನ್ನು 1999ರಿಂದ ಅಲ್ಲಿ ಇಡಲಾಗುತ್ತಿದೆ. ಪ್ಲುಟೋನಿಯಂ-239ರಲ್ಲಿ ಅರ್ಧಾಂಶವು ಕ್ಷಯಿಸುವುದಕ್ಕೇ ಸುಮಾರು 24,000 ವರ್ಷ ಬೇಕು. ಉಗ್ರಾಣವನ್ನು ಸುತ್ತಿರುವ ಉಪ್ಪಿನ ಪದರವಾದರೋ 25 ಕೋಟಿ ವರ್ಷ ಹಳೆಯದು. ಅಲ್ಲಿ ನೀರು ಹರಿಯುತ್ತಿದ್ದರೆ ಉಪ್ಪು ಎಂದೋ ಕರಗಿಹೋಗುತ್ತಿತ್ತು. ಮೇಲಣ ಭಾರಕ್ಕೆ ಅದು ಮೆಲ್ಲಮೆಲ್ಲನೆ ಸರಿದು, ಇಟ್ಟುದನ್ನು ತಾನೇ ಅಪ್ಪಿ ಮುಚ್ಚಿಬಿಡುತ್ತದೆ.

ಪ್ರಕೃತಿ ತನ್ನ ಪಾಲಿನ ಕೆಲಸವನ್ನು ಮಾಡೀತು. ಭಯವಿರುವುದು ಮನುಷ್ಯನಿಂದಲೇ. ಮುಂದೆಂದೋ ಎಣ್ಣೆಗಾಗಿ ಅಲ್ಲಿ ಕೊರೆಯಬಂದವನನ್ನು ತಡೆಯುವವರಾರು? ಹತ್ತು ಸಾವಿರ ವರ್ಷಗಳ ಅವಧಿಯನ್ನು ಲಕ್ಷಿಸಿ, ಕಲ್ಲುಕಂಬಗಳನ್ನು ನೆಟ್ಟು, ಇಂಗ್ಲಿಷ್, ಚೀನೀ, ಅರಬ್ಬಿ, ಆ ಸೀಮೆಯ ನವಾಹೋ ಸೇರಿದಂತೆ ಏಳು ಭಾಷೆಗಳಲ್ಲಿ ಎಚ್ಚರಿಕೆ ಕೆತ್ತಿಸುವ ಯೋಜನೆಯಿದೆ.

ಆದರೆ ಬರಹದ ಆಯುಷ್ಯವೆಷ್ಟು? ಹಾಸನ ಜಿಲ್ಲೆಯ ಹಲ್ಮಿಡಿ ಶಾಸನಕ್ಕೆ ಸುಮಾರು 1,500 ವರ್ಷ. ಕಲ್ಲು ಉಳಿದಿದೆ; ಕನ್ನಡವೂ ಬಾಳಿದೆ. ಆದರೂ ವಿದ್ವಾಂಸರ ನೆರವಿಲ್ಲದೆ ಅದನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಕನ್ನಡಿಗರು ವಿರಳ. ಹತ್ತು ಸಾವಿರ ವರ್ಷವೆಂದರೆ ಅದರ ಆರು ಪಟ್ಟಿಗೂ ಮಿಗಿಲು!

ಇದನ್ನರಿತ ಭಾಷಾವಿದ್ವಾಂಸ ಥಾಮಸ್ ಸೆಬಿಯೋಕ್ 1984ರಲ್ಲಿ, ಇಂತಹ ಉಗ್ರಾಣಗಳಿಗಾಗಿ ಬೇರೊಂದು ಮಾರ್ಗವನ್ನು ಸೂಚಿಸಿದರು. ಮೂರು ತಲೆಮಾರಿಗೊಮ್ಮೆ ಸಂದೇಶವನ್ನು ಆಗಿನ ನುಡಿಯಲ್ಲಿ ಹೊಸದಾಗಿ ಬರೆದು ಮುಂದಿನವರಿಗೆ ಒಪ್ಪಿಸಬೇಕು. ಗುರು ಶಿಷ್ಯನಿಗೆ ವಿದ್ಯೆಯನ್ನು ದಾಟಿಸಿದಂತೆ.

ಈ ಸರಪಳಿಯ ಒಂದು ಕೊಂಡಿಯೂ ಕಳಚದೆಂಬ ಭರವಸೆಯುಂಟೇ? 2014ರ ಫೆಬ್ರವರಿಯಲ್ಲಿ ಅದೇ ಉಪ್ಪಿನ ಉಗ್ರಾಣದಲ್ಲಿ ಪೀಪಾಯಿಯೊಂದು ಒಡೆದು ವಿಕಿರಣ ಸೋರಿತು. ಕಸದ ತೇವವನ್ನು ಹೀರಲು ಖನಿಜದ ಪುಡಿಯ ಬದಲು ಸಸ್ಯಮೂಲದ ಪುಡಿಯನ್ನು ಬೆರೆಸಿದ್ದರಿಂದ ಒಳಗೆ ರಾಸಾಯನಿಕ ಕ್ರಿಯೆ ನಡೆದು ಶಾಖವೇರಿತ್ತು. ಉಗ್ರಾಣದ ಕೆಲಸ ಸುಮಾರು ಮೂರು ವರ್ಷ ನಿಂತಿತು. ಹತ್ತು ಸಾವಿರ ವರ್ಷದ ಲೆಕ್ಕ ಹಾಕಿದ್ದವರು ಹದಿನೈದನೆಯ ವರ್ಷದಲ್ಲೇ ಎಡವಿದ್ದರು.

ಆ ಅಸ್ತ್ರಗಳನ್ನು ಮಾಡಿದುದು ಎರಡು ಮೂರು ತಲೆಮಾರು; ಕಾವಲಿರಬೇಕಾದುದು ಮುನ್ನೂರು. ಹುಟ್ಟದ ಆ ಮಕ್ಕಳ ಒಪ್ಪಿಗೆಯನ್ನು ಯಾರೂ ಕೇಳಿಲ್ಲ, ಕೇಳುವಂತೆಯೂ ಇಲ್ಲ. ಕಸವನ್ನು ಹೂಳುವವರು ಮುಂದಿನವರಿಗೆ ಅದರ ನೆನಪನ್ನಾದರೂ ಹೂಳದೆ ಒಪ್ಪಿಸಬೇಕಾಗಿದೆ.