ಮಂಡೂಕದ ಚರ್ಮವೂ ಹೊಲದ ಔಷಧಿಯೂ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಕಪ್ಪೆಯ ಹೆಸರುಗಳಲ್ಲಿ ‘ವರ್ಷಾಭೂ’ ಎಂಬುದೂ ಒಂದೆಂದು ನೆನಪಿರಬಹುದು. ಮಳೆಗಾಲದಲ್ಲಿ ಹುಟ್ಟುವುದು ಎಂದರ್ಥ. ಹೆಸರಿಟ್ಟವರು ಆ ಪ್ರಾಣಿಯನ್ನು ಚೆನ್ನಾಗಿ ನೋಡಿದವರೇ ಸರಿ. ಅದೇ ಮಳೆಗಾಲದ ಮೊದಲ ವಾರಗಳು ಈಗ ಅದಕ್ಕೆ ಕಂಟಕವಾಗಿರುವ ಬಗೆಯನ್ನು ಈ ತಿಂಗಳು ವಾಚಕರಲ್ಲಿ ಅರಿಕೆಮಾಡುತ್ತೇವೆ.

ಕಪ್ಪೆಯು ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆನೆಲಕ್ಕೆ ಹೊಟ್ಟೆಯನ್ನೂರಿ ಕುಳಿತರೆ ಚರ್ಮವೇ ನೀರನ್ನು ಹೀರಿಕೊಳ್ಳುತ್ತದೆ. ಉಸಿರಾಟದಲ್ಲಿಯೂ ಚರ್ಮಕ್ಕೆ ಪಾಲುಂಟು. ಮೊಟ್ಟೆಗೆ ಚಿಪ್ಪಿಲ್ಲ, ಲೋಳೆಯ ಹೊದಿಕೆ ಮಾತ್ರ. ಗೊದಮೊಟ್ಟೆಯಾದರೋ ವಾರಗಟ್ಟಲೆ ಒಂದೇ ಗುಂಡಿಯ ನೀರಿನಲ್ಲಿ ಬೆಳೆಯಬೇಕು. ಆದುದರಿಂದ ನೀರಿನಲ್ಲಿ ಕರಗಿದ ವಿಷಕ್ಕೆ ಅದರ ದೇಹವು ತೆರೆದ ಬಾಗಿಲಿನಂತಿದೆ.

ಕಳೆ ಹುಟ್ಟದಂತೆ ಹೊಲಕ್ಕೆ ಹೊಡೆಯುವ ಔಷಧಿಗಳಲ್ಲಿ ಅಟ್ರಜೀನ್ ಎಂಬುದೊಂದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಟೈರೋನ್ ಹೇಯ್ಸ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಆಫ್ರಿಕಾದ ಒಂದು ಜಾತಿಯ 40 ಗಂಡುಕಪ್ಪೆಗಳನ್ನು ಮರಿಯಾಗಿದ್ದಾಗಿನಿಂದಲೂ ಈ ಔಷಧಿ ಬೆರೆತ ನೀರಿನಲ್ಲಿಟ್ಟು ಸಾಕಿ, ಫಲವನ್ನು 2010ರಲ್ಲಿ ಪ್ರಕಟಿಸಿದರು. ಔಷಧಿಯ ಪ್ರಮಾಣ 100 ಕೋಟಿ ಪಾಲು ನೀರಿಗೆ ಎರಡೂವರೆ ಪಾಲು. ಗೃಹಿಣಿಯರಿಗೆ ತಿಳಿಯುವಂತೆ ಹೇಳುವುದಾದರೆ, ಒಂದು ಅಕ್ಕಿಕಾಳಿನ ತೂಕದ ಎಂಟನೆಯ ಒಂದು ಪಾಲನ್ನು 1,000 ಲೀಟರಿನ ತೊಟ್ಟಿಯಲ್ಲಿ ಕರಗಿಸಿದಷ್ಟು! ಅಷ್ಟಕ್ಕೇ ಹತ್ತರಲ್ಲೊಂದು ಗಂಡು ಸಂಪೂರ್ಣ ಹೆಣ್ಣಾಗಿ ಮೊಟ್ಟೆಯಿಟ್ಟಿತು; ಉಳಿದವುಗಳಲ್ಲಿ ಬಹುಪಾಲಿನವು ಸಂತಾನಶಕ್ತಿಯನ್ನು ಕಳೆದುಕೊಂಡುವು. ಆ ದೇಶದಲ್ಲಿ ಮನುಷ್ಯರು ಕುಡಿಯುವ ನೀರಿನಲ್ಲಿಯೇ 3 ಪಾಲಿನವರೆಗೆ ಇರಬಹುದೆಂದು ಸರ್ಕಾರದ ನಿಯಮವುಂಟು ಎಂಬುದನ್ನು ಇದರೊಡನೆ ಓದಿಕೊಳ್ಳತಕ್ಕದ್ದು. ಔಷಧಿಯ ತಯಾರಕರು ಈ ಫಲವನ್ನು ಒಪ್ಪಲಿಲ್ಲ. ವಾದವು ಬಹುಕಾಲ ನಡೆಯಿತು. ನಮಗಂತೂ ಮಾರುವವರ ಮಾತಿಗಿಂತ ಯೂರೋಪ್ ಒಕ್ಕೂಟದವರ ನಡತೆಯೇ ಹೆಚ್ಚು ವಿವೇಕದ್ದೆಂದು ತೋರುತ್ತದೆ. ಅಂತರ್ಜಲದಲ್ಲಿ ಇದು ಮಿತಿಮೀರಿ ಸೇರುತ್ತದೆಂದು ಅವರು 2004ರಲ್ಲಿ ಇದರ ಅನುಮತಿಯನ್ನು ಹಿಂದೆಗೆದರು.

ನಮ್ಮ ನಾಡಿನಲ್ಲಿಯೂ ಮುಸುಕಿನ ಜೋಳದ ಹೊಲಗಳಿಗೆ ಇದನ್ನು ಹೊಡೆಯುವುದುಂಟು. ಹೊಡೆಯುವುದಾದರೂ ಯಾವಾಗ? ಬಿತ್ತಿದ ಎರಡು ಮೂರು ದಿನಗಳೊಳಗೆ, ನೆಲ ಹಸಿಯಾಗಿರುವಾಗ. ಮುಂಗಾರಿನಲ್ಲಿ ಕಪ್ಪೆಯು ಮೊಟ್ಟೆಯಿಡುವುದೂ ಆಗಲೇ, ಆ ಹೊಲದ ಅಂಚಿನ ಗುಂಡಿಯಲ್ಲಿಯೇ. ಮರುದಿನ ಬಿದ್ದ ಮಳೆಯು ಹೊಲವನ್ನು ತೊಳೆದು ಗುಂಡಿಗೆ ತರುತ್ತದೆ. ಸತ್ತ ಕಪ್ಪೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಕೇಡು ಯಾರಿಗೂ ತಿಳಿಯದು. ಅದೇ ನೀರು ಇಂಗಿ ಬಾವಿಗೂ ಸೇರಬಹುದಷ್ಟೆ.

ಹೊಲವುಳ್ಳ ವಾಚಕರು ಗುಂಡಿ ಕಾಲುವೆಗಳ ಪಕ್ಕದ ಸಾಲುಗಳಿಗಾದರೂ ಔಷಧಿಯನ್ನು ಬಿಟ್ಟು ಎಡೆಕುಂಟೆ ಹೊಡೆಯಿಸಬಹುದು. ಮೋಡ ಕವಿದ ದಿನ ಔಷಧಿ ಹೊಡೆಯಬಾರದು. ಔಷಧಿಯ ಪಂಪನ್ನು ಕೆರೆಗೋ ಬಾವಿಕಟ್ಟೆಗೋ ತಂದು ತೊಳೆಯುವ ಅಭ್ಯಾಸವು ಅನೇಕ ಕಡೆ ಇದೆ. ಅದನ್ನು ಹೊಲದಲ್ಲಿಯೇ, ನೀರಿನಿಂದ ದೂರದಲ್ಲಿ ತೊಳೆಯಲು ಆಳುಗಳಿಗೆ ಹೇಳಬೇಕು. ಬರಿದಾದ ಡಬ್ಬಿಯನ್ನು ಅಡಿಗೆಮನೆಗೆ ತರತಕ್ಕದ್ದಲ್ಲವೆಂದು ಬೇರೆ ಹೇಳಬೇಕಾಗಿಲ್ಲವಾದರೂ, ಎಣ್ಣೆ ತುಂಬಿಡಲು ಅದನ್ನೇ ಇಟ್ಟುಕೊಂಡ ಮನೆಗಳನ್ನು ನಾವು ಕಂಡಿದ್ದೇವೆ.